ಕರಟಕ ದಮನಕರು ನಡೆದು ಬಂದ ಊರು

ಸ್ಪೇನಿನ ತೊಲೇದೊ ಊರಿನ ಪೂರ್ವಕ್ಕೆ, ತಾಹೊ ನದಿಯ ಮೇಲೆ, ಒಂದು ಹಳೆಯ ಕಲ್ಲುಸೇತುವೆ ಇದೆ. ಊರಿನವರು ಅದನ್ನು ‘ಪುಎಂತೆ ದೆ ಅಲ್ಕಾಂತರಾ’ ಎನ್ನುತ್ತಾರೆ. ಪುಎಂತೆ ಎಂದರೆ ಸ್ಪ್ಯಾನಿಶ್‌ನಲ್ಲಿ ಸೇತುವೆ. ಅಲ್ ಕಂತರಾ ಎಂದರೆ ಅರಬ್ಬಿಯಲ್ಲಿ ಸೇತುವೆ. ಎರಡೂ ಸೇರಿದರೆ ‘ಸೇತುವೆ ಸೇತುವೆ’. ಕನ್ನಡಿಗರಿಗೆ ಇದು ತೀರ ಅಪರಿಚಿತ ಸಂಗತಿಯಲ್ಲ. ‘ನಡುಮಧ್ಯೆ’ ಎನ್ನುವಾಗ ಕನ್ನಡದ ನಡುವೂ ಸಂಸ್ಕೃತದ ಮಧ್ಯವೂ ಹೀಗೆಯೇ ಒಂದರ ಪಕ್ಕ ಒಂದು ಕೂತಿರುತ್ತವೆ. ಆಡುವವರಿಗೆ ಅದರ ಅರಿವೂ ಇರುವುದಿಲ್ಲ. ಎರಡು ಭಾಷೆಗಳು ಒಂದೇ ಬೀದಿಯಲ್ಲಿ ಬಹುಕಾಲ ಬಾಳಿದ ಕಡೆ ಇಂಥ ಮಾತು ಹುಟ್ಟುತ್ತದೆ.

ತೊಲೇದೊವನ್ನು ಈ ಸೇತುವೆಯಿಂದಲೇ ನೋಡಲು ತೊಡಗಬೇಕು, ಅದೂ ನಡೆದೇ. ಮ್ಯಾಡ್ರಿಡ್ಡಿನಿಂದ ವೇಗದ ರೈಲು ಅರ್ಧ ತಾಸು ಕಳೆಯುವಷ್ಟರಲ್ಲಿ ಇಲ್ಲಿಗೆ ತಂದು ಬಿಡುತ್ತದೆ. ರೈಲು ನಿಲ್ದಾಣವೇ ಒಂದು ಮುನ್ನುಡಿಯ ಹಾಗಿದೆ. 1919ರಲ್ಲಿ ಆರಂಭವಾದ ಆ ಕಟ್ಟಡಕ್ಕೆ ಕಮಾನಿನ ಕಿಟಕಿ, ಬಣ್ಣದ ಗಾಜು, ಹೆಂಚಿನ ಹಾಸು, ಅರಬ್ಬಿ ಮಾದರಿಯ ಮರದ ಚಾವಣಿ. ರೈಲಿಳಿದವರಲ್ಲಿ ಹೆಚ್ಚಿನವರು ಹೊರಗೆ ಕಾಯುವ ಬಸ್ಸು ಹತ್ತಿ ನೇರ ಗುಡ್ಡದ ತಲೆಗೆ ಹೋಗಿಬಿಡುತ್ತಾರೆ. ಅವರಿಗೆ ನದಿ ಕಾಣುವುದಿಲ್ಲ. ನದಿ ಕಾಣದಿದ್ದರೆ ಊರು ಅರ್ಥವಾಗುವುದಿಲ್ಲ. ತಾಹೊ ಬಂಡೆಗಲ್ಲನ್ನು ಆಳವಾಗಿ ಕೊರೆದುಕೊಂಡು ಊರಿನ ಮೂರು ಕಡೆ ಲಾಳದಂತೆ ಸುತ್ತಿ ಹರಿಯುತ್ತದೆ. ಉಳಿದಿರುವ ಒಂದು ಕಡೆಗೆ ಗೋಡೆ ಕಟ್ಟಿದರೆ ಮುಗಿಯಿತು, ಕೋಟೆ ಸಿದ್ಧ. ರೋಮನ್ನರು ಕಂಡುಕೊಂಡದ್ದು ಇದನ್ನೇ. ಅವರ ಬಳಿಕ ವಿಸಿಗೋಥರು ಇಲ್ಲಿಂದ ಇಡೀ ರಾಜ್ಯ ಆಳಿದರು. ಎಂಟನೆಯ ಶತಮಾನದ ಮೊದಲಿಗೆ ಮುಸ್ಲಿಮರು ಬಂದರು. 1085ರ ಮೇ ತಿಂಗಳಲ್ಲಿ ಕಾಸ್ತೀಲಿಯದ ಆರನೆಯ ಅಲ್ಫೊನ್ಸೊ ದೊರೆ ಊರನ್ನು ಗೆದ್ದ. 1561ರಲ್ಲಿ ಎರಡನೆಯ ಫಿಲಿಪ್ ಆಸ್ಥಾನವನ್ನು ಮ್ಯಾಡ್ರಿಡ್ಡಿಗೆ ಒಯ್ದ ಮೇಲೆ ಊರು ಬೆಳೆಯುವುದನ್ನು ನಿಲ್ಲಿಸಿತು. ಹಾಗೆ ನಿಂತದ್ದರಿಂದಲೇ ಇಷ್ಟೆಲ್ಲ ಉಳಿಯಿತು. 1986ರಲ್ಲಿ ಯುನೆಸ್ಕೊ ಊರಿಗೆ ಊರನ್ನೇ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಸೇತುವೆ ದಾಟಿ ಏರು ಹತ್ತಿದರೆ ಸಿಗುವ ಮೊದಲ ಬಯಲು ಸೊಕೊದೊವೇರ್ ಚೌಕ. ಹೆಸರಿನ ಬೇರು ಮತ್ತೆ ಅರಬ್ಬಿ: ‘ಸೂಕ್ ಅದ್ ದವಾಬ್’, ಅಂದರೆ ಜಾನುವಾರು ಸಂತೆ. ಕುದುರೆ, ಹೇಸರಗತ್ತೆಗಳು ಕೈಬದಲಾಗುತ್ತಿದ್ದ ಜಾಗದಲ್ಲಿ ಈಗ ಕಾಫಿ ಮೇಜುಗಳಿವೆ. ಇದೇ ಚೌಕದಲ್ಲಿ ಧರ್ಮವಿಚಾರಣೆಯ ತೀರ್ಪುಗಳನ್ನು ಜನರೆದುರು ಓದಿ ಹೇಳುತ್ತಿದ್ದರು ಎಂಬುದನ್ನು ಕಾಫಿ ಕುಡಿಯುವವರು ತಿಳಿದಿರುವುದು ಒಳ್ಳೆಯದು. ಒಂದು ಬದಿಯ ಕಮಾನಿನ ಕೆಳಗಿನ ಮೆಟ್ಟಿಲು ಇಳಿದರೆ ಕಂಚಿನ ಸೆರ್ವಾಂತೆಸ್ ನಿಂತಿದ್ದಾನೆ. ಅವನಿಗೂ ಈ ಊರಿಗೂ ಇರುವ ನಂಟು ಸಣ್ಣದಲ್ಲ. ಅದು ಮುಂದೆ ಬರುತ್ತದೆ. ಚೌಕದ ನೆತ್ತಿಗೆ ಅಲ್ಕಾಸರ್ ಅರಮನೆ. 1936ರ ಅಂತರ್ಯುದ್ಧದಲ್ಲಿ ಎರಡು ತಿಂಗಳಿಗೂ ಮಿಕ್ಕಿ ಮುತ್ತಿಗೆಗೆ ಸಿಕ್ಕು ಕುಸಿದು, ಮತ್ತೆ ಎದ್ದು ನಿಂತ ಕಟ್ಟಡ. ಅದರಲ್ಲಿ ಈಗ ಸೇನಾ ವಸ್ತುಸಂಗ್ರಹಾಲಯವಿದೆ, ಮೇಲಿನ ಅಂತಸ್ತಿನಲ್ಲಿ ಸಾರ್ವಜನಿಕ ಗ್ರಂಥಾಲಯವಿದೆ. ಒಂದೇ ಹಗಲು ಕೈಯಲ್ಲಿರುವವರು ಕತ್ತಿ ಕವಚಗಳನ್ನು ಬಿಟ್ಟು ಮುಂದೆ ನಡೆಯಬಹುದು. ನಷ್ಟವಿಲ್ಲ.

ಹೋಗಬೇಕಾದದ್ದು ಉತ್ತರಕ್ಕೆ, ಒಂದು ಪುಟ್ಟ ಇಟ್ಟಿಗೆ ಕಟ್ಟಡದ ಕಡೆಗೆ. ‘ಕ್ರಿಸ್ತೊ ದೆ ಲಾ ಲೂಸ್’, ಬೆಳಕಿನ ಕ್ರಿಸ್ತ, ಎಂದು ಅದರ ಇಂದಿನ ಹೆಸರು. ಕಟ್ಟಿದಾಗ ಅದು ಬಾಬ್ ಅಲ್ ಮರ್ದೂಮ್ ಬಾಗಿಲ ಬಳಿಯ ಮಸೀದಿ. ಮುಂಗೋಡೆಯ ಮೇಲೆ ಇಟ್ಟಿಗೆಗಳನ್ನೇ ಒಳಹೊರಗೆ ಜೋಡಿಸಿ ಅರಬ್ಬಿ ಅಕ್ಷರ ಮೂಡಿಸಿದ್ದಾರೆ. ಬಿಸಿಲು ಓರೆಯಾಗಿ ಬಿದ್ದಾಗ ನೆರಳೇ ಅಕ್ಷರವಾಗುತ್ತದೆ. ಕಟ್ಟಿಸಿದವನು ಇಬ್ನ್ ಹದೀದಿ, ಕಟ್ಟಿದವನು ಮೂಸಾ ಇಬ್ನ್ ಅಲಿ, ಇಸವಿ ನಮ್ಮ ಲೆಕ್ಕದಲ್ಲಿ 999. ಸಾವಿರ ವರ್ಷದ ಹಿಂದಿನ ಕಟ್ಟಡವೊಂದರ ಮೇಲೆ ಕಟ್ಟಿದವನ ಹೆಸರೂ ಉಳಿದಿರುವುದು ಅಪರೂಪ. ಬೇಲೂರಿನಲ್ಲಿ ವಿಗ್ರಹದ ಪೀಠದಡಿ ಶಿಲ್ಪಿಯ ಹೆಸರು ಓದಿ ಪುಲಕಗೊಂಡವರಿಗೆ ಈ ಗೋಡೆಯ ಮುಂದೆಯೂ ಅದೇ ಆಗುತ್ತದೆ.

ಒಳಗೆ ಎಂಟು ಮೀಟರ್ ಉದ್ದ, ಎಂಟು ಮೀಟರ್ ಅಗಲ, ಅಷ್ಟೇ ಜಾಗ. ನಡುವೆ ನಾಲ್ಕು ಕಂಬ. ಅವು ಮೂಸಾ ಕಡೆಸಿದ ಕಂಬಗಳಲ್ಲ. ಬೋದಿಗೆಗಳು ವಿಸಿಗೋಥರ ಕಾಲದ ಯಾವುದೋ ಹಳೆಯ ಕಟ್ಟಡದಿಂದ ಬಂದವು. ಒಂದರ ಹಾಗೆ ಇನ್ನೊಂದಿಲ್ಲ. ಆ ನಾಲ್ಕು ಕಂಬಗಳು ಚಾವಣಿಯನ್ನು ಒಂಬತ್ತು ಅಂಕಣಗಳಾಗಿ ಒಡೆಯುತ್ತವೆ. ಕತ್ತೆತ್ತಿ ನೋಡಬೇಕು: ಒಂಬತ್ತಕ್ಕೂ ಒಂಬತ್ತು ಬಗೆಯ ಗುಮ್ಮಟ. ಇಟ್ಟಿಗೆಯ ಪಟ್ಟಿಗಳು ಒಂದು ಕಡೆ ನಕ್ಷತ್ರವಾಗಿ, ಇನ್ನೊಂದು ಕಡೆ ಚೌಕದೊಳಗಿನ ಚೌಕವಾಗಿ, ಮತ್ತೊಂದು ಕಡೆ ಜಾಲಂಧ್ರದಂತೆ ಹೆಣೆದುಕೊಂಡಿವೆ. ಕೋಲಾಟದಲ್ಲಿ ಜಡೆ ಹೆಣೆಯುವವರು ಪ್ರತಿ ಸುತ್ತಿಗೂ ಹೊಸ ಹೆಣಿಗೆ ಹಾಕುವ ಹಾಗೆ. ಹನ್ನೆರಡನೆಯ ಶತಮಾನದಲ್ಲಿ ಮಸೀದಿ ಇಗರ್ಜಿಯಾದಾಗ ಹಿಂಬದಿಗೆ ಅರೆದುಂಡಾದ ಗರ್ಭಗುಡಿ ಸೇರಿಸಿದರು. ಅದನ್ನೂ ಕಟ್ಟಿದವರು ಅದೇ ಇಟ್ಟಿಗೆ, ಅದೇ ಕಮಾನು ಬಲ್ಲ ಕುಶಲಕರ್ಮಿಗಳೇ. ಸೇರಿಸಿದ ಗೆರೆ ಎಲ್ಲಿದೆ ಎಂದು ಹುಡುಕಬೇಕಾಗುತ್ತದೆ. ದೇವರ ಹೆಸರು ಬದಲಾಯಿತು, ಗಾರೆಯವರ ಕೈ ಬದಲಾಗಲಿಲ್ಲ.

ಅಲ್ಲಿಂದ ಕಥೀಡ್ರಲ್ಲಿಗೆ ಹೋಗುವ ದಾರಿ ನೇರವಾಗಿಲ್ಲ. ತೊಲೇದೊದಲ್ಲಿ ಯಾವ ದಾರಿಯೂ ನೇರವಾಗಿಲ್ಲ. ಕೈ ಚಾಚಿದರೆ ಎರಡೂ ಗೋಡೆ ತಾಗುವಂಥ ಓಣಿಗಳಿವೆ; ಎರಡು ಮನೆಗಳನ್ನು ಮೇಲಿನಿಂದ ಕೂಡಿಸಿದ ಕತ್ತಲೆ ಮೊಗಸಾಲೆಗಳಿವೆ. ಬಿಸಿಲಿನ ಊರಿಗೆ ಇದೇ ಸರಿಯಾದ ಜೋಡಣೆ. ಮಧ್ಯಾಹ್ನದಲ್ಲೂ ಕಾಲಡಿಯ ಕಲ್ಲು ತಣ್ಣಗಿರುತ್ತದೆ. ಒಂದು ಬೀದಿಯ ಹೆಸರು ‘ಗುಂಡುಸೂಜಿಗಳ ಬೀದಿ’: ಅಲ್ಲಿನ ಗೂಡಿನಲ್ಲಿರುವ ಕನ್ಯೆ ಮೇರಿಗೆ ಸೂಜಿ ಒಪ್ಪಿಸಿದರೆ ಗಂಡು ಸಿಗುತ್ತಾನೆಂದು ಹುಡುಗಿಯರ ನಂಬಿಕೆ. ಇನ್ನೊಂದು ‘ಕಹಿಬಾವಿ ಬೀದಿ’: ಕ್ರೈಸ್ತ ಪ್ರಿಯಕರನನ್ನು ಕಳೆದುಕೊಂಡ ಯೆಹೂದಿ ಹುಡುಗಿಯ ಕಣ್ಣೀರು ಬಿದ್ದು ಬಾವಿ ನೀರು ಕಹಿಯಾಯಿತಂತೆ. ನಕ್ಷೆಯನ್ನು ಜೇಬಿನಲ್ಲಿಟ್ಟು ಹೆಸರುಗಳನ್ನು ಓದುತ್ತ ಹೋಗುವುದೇ ಇಲ್ಲಿ ಮೇಲು. ದಾರಿ ತಪ್ಪಿದರೂ ನದಿ ಮೂರು ಕಡೆ ಕಾವಲಿದೆ, ತೀರ ದೂರ ಹೋಗಲು ಬಿಡುವುದಿಲ್ಲ.

ಕಥೀಡ್ರಲ್ ಒಮ್ಮೆಗೇ ಕಾಣುವುದಿಲ್ಲ. ಮನೆಗಳ ನಡುವಿನಿಂದ ಗೋಪುರ ಇಣುಕಿ ಮರೆಯಾಗಿ, ಮತ್ತೊಂದು ತಿರುವಿನಲ್ಲಿ ತಟ್ಟನೆ ಇಡೀ ಗೋಡೆಯೇ ಎದುರು ನಿಲ್ಲುತ್ತದೆ. 1226ರಲ್ಲಿ ಆರಂಭವಾದ ಕೆಲಸ 1493ರವರೆಗೆ ನಡೆಯಿತು. ಒಳಗಿನ ಸಂಪತ್ತಿನ ಪಟ್ಟಿ ಮಾಡಹೊರಟರೆ ಹಗಲು ಅಲ್ಲಿಗೇ ಮುಗಿಯುತ್ತದೆ. ಎರಡು ಸಂಗತಿ ಸಾಕು. ಮೊದಲನೆಯದು, ಮುಖ್ಯ ಬಲಿಪೀಠದ ಬದಿಯ ಕಂಬದ ಮೇಲೆ ಸಂತರ ನಡುವೆ ಇರುವ ಒಬ್ಬ ಮುಸ್ಲಿಂ ಪಂಡಿತನ ಪ್ರತಿಮೆ. ಐತಿಹ್ಯ ಹೀಗಿದೆ: ಊರನ್ನು ಗೆದ್ದ ಅಲ್ಫೊನ್ಸೊ ದೊಡ್ಡ ಮಸೀದಿ ಮುಸ್ಲಿಮರಿಗೇ ಇರಲಿ ಎಂದು ಮಾತು ಕೊಟ್ಟಿದ್ದ. ಅವನು ಊರಲ್ಲಿಲ್ಲದಾಗ ರಾಣಿಯೂ ಆರ್ಚ್‌ಬಿಷಪ್ಪನೂ ಸೇರಿ ಮಸೀದಿಯನ್ನು ವಶಪಡಿಸಿಕೊಂಡರು. ಮಾತಿಗೆ ತಪ್ಪಿದವನಾದೆನೆಂದು ರಾಜ ಕೆರಳಿ ಬಂದ. ಆಗ ಅಬು ವಲೀದ್ ಎಂಬ ಪಂಡಿತ ಎದುರು ಹೋಗಿ, ಊರಿನಲ್ಲಿ ರಕ್ತ ಹರಿಯುವುದು ಬೇಡ, ಅವರನ್ನು ಕ್ಷಮಿಸಿ ಎಂದು ಬೇಡಿಕೊಂಡ. ಮಸೀದಿ ಹೋಯಿತು, ಅದರ ಜಾಗದಲ್ಲಿ ಕಥೀಡ್ರಲ್ ಎದ್ದಿತು, ಅದರೊಳಗೆ ಅಬು ವಲೀದ್ ಉಳಿದ. ಪ್ರತಿಮೆಯ ಮುಂದೆ ನಿಂತವರಿಗೆ ಇದು ಗೌರವವೋ ಗಾಯವೋ ಎಂದು ನಿರ್ಧರಿಸಲಾಗುವುದಿಲ್ಲ. ಎರಡನೆಯದು ಒಂದು ಮೂಲೆಯ ಮೊಸರಾಬ್ ಪ್ರಾರ್ಥನಾಲಯ. ಮುಸ್ಲಿಂ ಆಳ್ವಿಕೆಯಲ್ಲಿ ಅರಬ್ಬಿ ಮಾತಾಡುತ್ತ ಬಾಳಿದ ಕ್ರೈಸ್ತರು ಮೊಸರಾಬರು. ಅವರು ಜತನವಾಗಿ ಕಾದಿಟ್ಟುಕೊಂಡಿದ್ದ ಪ್ರಾಚೀನ ಪೂಜಾಕ್ರಮ ಅಳಿಯಬಾರದೆಂದು ಕಾರ್ಡಿನಲ್ ಸಿಸ್ನೆರೊಸ್ ಇದನ್ನು ಏರ್ಪಡಿಸಿದ. ಅದೇ ಕ್ರಮದ ಪೂಜೆ ಇಂದಿಗೂ ಇಲ್ಲಿ ನಡೆಯುತ್ತದೆ.

ಕಥೀಡ್ರಲ್ಲಿನ ಪಕ್ಕದಲ್ಲೇ ಅಂಗಳ ಸುತ್ತಿದ ಕಮಾನಿನ ಪಡಸಾಲೆ. ಇಲ್ಲಿ ಕಾಲು ಚಾಚಿ ಕುಳಿತುಕೊಳ್ಳುವುದಕ್ಕೆ ಕಾರಣವಿದೆ. ಇದರಡಿಯ ನೆಲ ಮೊದಲು ಅಲ್ಕಾನಾ ಎಂಬ ವರ್ತಕರ ಕೇರಿಯಾಗಿತ್ತು. 1605ರಲ್ಲಿ ಅಚ್ಚಾದ ಸೆರ್ವಾಂತೆಸ್‌ನ ಕಾದಂಬರಿ ‘ದೊನ್ ಕಿಹೋತೆ’ಯ ಎಂಟನೆಯ ಅಧ್ಯಾಯದ ಕೊನೆಗೆ ಕಥೆ ಹಠಾತ್ತನೆ ನಿಲ್ಲುತ್ತದೆ, ಮುಂದಿನ ಹಾಳೆಗಳು ಸಿಕ್ಕಿಲ್ಲ ಎನ್ನುತ್ತಾನೆ ನಿರೂಪಕ. ಒಂಬತ್ತನೆಯ ಅಧ್ಯಾಯದಲ್ಲಿ ಅವು ಸಿಗುವುದು ತೊಲೇದೊದ ಅಲ್ಕಾನಾದಲ್ಲಿ. ಹುಡುಗನೊಬ್ಬ ರೇಷ್ಮೆ ವ್ಯಾಪಾರಿಗೆ ಹಳೆಯ ಕಾಗದ ಮಾರಲು ತಂದಿರುತ್ತಾನೆ. ಕಾಗದದ ಮೇಲಿರುವುದು ಅರಬ್ಬಿ ಬರವಣಿಗೆ. ನಿರೂಪಕನಿಗೆ ಓದಲು ಬಾರದು. ಆದರೆ ಅದು ತೊಲೇದೊ. ಅರಬ್ಬಿ ಬಲ್ಲವನು ಅಲ್ಲೇ ಬೀದಿಯಲ್ಲಿ ಸಿಗುತ್ತಾನೆ. ಆ ಮೊರಿಸ್ಕೊನನ್ನು, ಅಂದರೆ ಕ್ರೈಸ್ತ ಮತಕ್ಕೆ ಸೇರಿಸಲ್ಪಟ್ಟ ಮುಸ್ಲಿಂ ಮನೆತನದವನನ್ನು, ಕಥೀಡ್ರಲ್ಲಿನ ಇದೇ ಪಡಸಾಲೆಗೆ ಕರೆತಂದು ಕೂಲಿ ಮಾತಾಡಿಕೊಳ್ಳುತ್ತಾನೆ. ಎರಡು ಅರೋಬ ಒಣದ್ರಾಕ್ಷಿ, ಎರಡು ಫನೇಗ ಗೋದಿ. ಒಂದು ಅರೋಬ ಎಂದರೆ ಹನ್ನೊಂದೂವರೆ ಕಿಲೊ. ಒಂದೂವರೆ ತಿಂಗಳಿಗೆ ತುಸು ಮೇಲಾಗುವಷ್ಟರಲ್ಲಿ ಅನುವಾದ ಮುಗಿಯುತ್ತದೆ.

ಕಲ್ಪಿತ ಕಥೆ, ನಿಜ. ಆದರೂ ಸೆರ್ವಾಂತೆಸ್ ಈ ಪ್ರಸಂಗಕ್ಕೆ ಬೇರೆ ಊರನ್ನು ಆರಿಸಿಕೊಳ್ಳುವುದು ಸಾಧ್ಯವಿರಲಿಲ್ಲ. ಯುರೋಪಿನ ಅತಿ ದೊಡ್ಡ ಕಾದಂಬರಿಗಳಲ್ಲಿ ಒಂದು, ತಾನು ತೊಲೇದೊ ಬೀದಿಯಲ್ಲಿ ಸಿಕ್ಕ ಅನುವಾದ ಎಂದು ಹೇಳಿಕೊಂಡು ಮುಂದುವರಿಯುತ್ತದೆ. ಅದು ಅಚ್ಚಾಗಿ ನಾಲ್ಕು ವರ್ಷ ಕಳೆಯುವಷ್ಟರಲ್ಲಿ, 1609ರಲ್ಲಿ, ಮೊರಿಸ್ಕೊಗಳನ್ನು ಸ್ಪೇನಿನಿಂದ ಹೊರಗಟ್ಟುವ ಕೆಲಸ ತೊಡಗಿತು. ಆ ಬಳಿಕ ಹಾಗೆ ಬೀದಿಯಲ್ಲಿ ನಿಂತು ಹುಡುಕಿದರೆ ಯಾರು ಸಿಗಬೇಕು?

ಸೆರ್ವಾಂತೆಸ್‌ಗೆ ಎಷ್ಟೋ ಮೊದಲೇ ಈ ಕಸುಬು ಇಲ್ಲಿ ಬೇರು ಬಿಟ್ಟಿತ್ತು. ಅಲ್ಫೊನ್ಸೊ ಊರು ಗೆದ್ದಾಗ ಇಲ್ಲಿನ ಅರಬ್ಬಿ ಪುಸ್ತಕಗಳೂ ಅವನ್ನು ಓದಬಲ್ಲವರೂ ಇಲ್ಲೇ ಉಳಿದರು. ಹನ್ನೆರಡನೆಯ ಶತಮಾನದಲ್ಲಿ ಯುರೋಪಿನ ಮೂಲೆಮೂಲೆಯ ಓದುಬರಹದವರು ಈ ಗುಡ್ಡ ಹತ್ತಿ ಬಂದರು. ಇಟಲಿಯ ಕ್ರೆಮೊನಾ ಊರಿನ ಗೆರಾರ್ದೊ ಅವರಲ್ಲಿ ದೊಡ್ಡವನು. ಟಾಲೆಮಿಯ ಖಗೋಳ ಗ್ರಂಥ ಲ್ಯಾಟಿನ್ನಿನಲ್ಲಿ ಎಲ್ಲೂ ಸಿಗದೆ, ಅದರ ಅರಬ್ಬಿ ರೂಪ ‘ಅಲ್ಮಗೆಸ್ತ್’ ಅರಸಿಕೊಂಡು ಬಂದ. ಬಂದವನು ಅರಬ್ಬಿ ಕಲಿತ, ಹಿಂತಿರುಗಲಿಲ್ಲ. 1187ರಲ್ಲಿ ತೀರಿಕೊಳ್ಳುವಷ್ಟರಲ್ಲಿ ಎಪ್ಪತ್ತರಷ್ಟು ಗ್ರಂಥಗಳನ್ನು ಅನುವಾದಿಸಿದ್ದ. ಇಬ್ನ್ ಸೀನಾನ ವೈದ್ಯಗ್ರಂಥ, ಅಲ್ ಖ್ವಾರಿಜ್ಮಿಯ ಬೀಜಗಣಿತ ಅವುಗಳಲ್ಲಿ ಸೇರಿವೆ. ತಾನು ಮಾಡಿದ್ದಕ್ಕೆ ಅವನು ಹೆಸರು ಹಾಕಿಕೊಳ್ಳದ್ದರಿಂದ, ಸತ್ತ ಮೇಲೆ ಅವನ ಜೊತೆಗಾರರೇ ಕೂತು ಪಟ್ಟಿ ಮಾಡಬೇಕಾಯಿತು.

ಕೆಲಸ ನಡೆಯುತ್ತಿದ್ದ ಒಂದು ಬಗೆಯೂ ತಿಳಿದಿದೆ. ಇಬ್ನ್ ಸೀನಾ ಆತ್ಮದ ಕುರಿತು ಬರೆದ ಪುಸ್ತಕವನ್ನು ಇಬ್ಬರು ಸೇರಿ ಲ್ಯಾಟಿನ್ನಿಗೆ ತಂದರು. ಒಬ್ಬ ಅವೆಂದಾವುತ್ ಎಂಬ ಯೆಹೂದಿ ವಿದ್ವಾಂಸ, ಇನ್ನೊಬ್ಬ ಗುಂದಿಸಾಲ್ವೊ ಎಂಬ ಪಾದ್ರಿ. ಯೆಹೂದಿ ಅರಬ್ಬಿ ಪುಟ ನೋಡಿ ಒಂದೊಂದೇ ಪದವನ್ನು ಊರಿನ ಆಡುಮಾತಿನಲ್ಲಿ ಹೇಳುವುದು, ಪಾದ್ರಿ ಅದನ್ನು ಕೇಳಿ ಲ್ಯಾಟಿನ್ನಿನಲ್ಲಿ ಬರೆದುಕೊಳ್ಳುವುದು. ಮುಸ್ಲಿಂ ವೈದ್ಯನೊಬ್ಬ ಪರ್ಷಿಯದಲ್ಲಿ ಕುಳಿತು ಆಲೋಚಿಸಿದ್ದು ಯೆಹೂದಿಯ ಬಾಯಿ, ಕ್ರೈಸ್ತನ ಕೈ ದಾಟಿ ಪ್ಯಾರಿಸ್ಸಿನ ವಿದ್ಯಾರ್ಥಿಗಳನ್ನು ಮುಟ್ಟಿತು. ನಡುವೆ ಸೇತುವೆಯಾಗಿ ನಿಂತದ್ದು ಸಂತೆಯಲ್ಲಿ ಕತ್ತೆ ಕೊಳ್ಳುವಾಗ ಆಡುವ ಮಾತು. ‘ತೊಲೇದೊದ ಅನುವಾದ ಶಾಲೆ’ ಎಂದು ಪುಸ್ತಕಗಳಲ್ಲಿ ಓದಿ ಬಂದವರು ಆ ಶಾಲೆಯ ಕಟ್ಟಡ ಎಲ್ಲಿ ಎಂದು ಕೇಳುವುದುಂಟು. ಬೋರ್ಡು ಹಾಕಿದ ಶಾಲೆ ಇರಲಿಲ್ಲ. ಇಬ್ಬಿಬ್ಬರು ಹೀಗೆ ಎದುರುಬದುರು ಕುಳಿತ ಕೋಣೆಗಳೇ ಶಾಲೆ.

ಭಾರತದ ಹೆಸರು ಈ ಊರಿನಲ್ಲಿ ಅದಕ್ಕೂ ಮೊದಲೇ ಕೇಳಿಬರುತ್ತಿತ್ತು. ಹನ್ನೊಂದನೆಯ ಶತಮಾನದಲ್ಲಿ ತೊಲೇದೊದ ಕಾಜಿಯಾಗಿದ್ದ ಸಾಯಿದ್ ಅಲ್ ಅಂದಲೂಸಿ 1068ರಲ್ಲಿ ಒಂದು ಪುಸ್ತಕ ಬರೆದ. ಲೋಕದ ಯಾವ ಯಾವ ಜನಾಂಗ ವಿದ್ಯೆಯನ್ನು ಬೆಳೆಸಿತು ಎಂಬುದು ಅದರ ವಿಷಯ. ಅವನ ಪಟ್ಟಿಯಲ್ಲಿ ಮೊದಲು ಬರುವುದು ಭಾರತೀಯರು. ಅಂಕಿಗಳ ಲೆಕ್ಕ, ಗ್ರಹಗತಿಯ ಗಣಿತ, ಚದುರಂಗ, ಇವುಗಳ ಜೊತೆಗೆ ‘ಕಲೀಲ ವ ದಿಮ್ನ’ ಎಂಬ ಕಥಾಗ್ರಂಥವನ್ನೂ ಅವನು ಭಾರತದ ಕೊಡುಗೆಯೆಂದು ಎಣಿಸುತ್ತಾನೆ.

ಕಲೀಲ ಮತ್ತು ದಿಮ್ನ ಯಾರೆಂದು ಕನ್ನಡದ ಮಕ್ಕಳೂ ಬಲ್ಲರು. ಅವು ಕರಟಕ, ದಮನಕ. ಪಂಚತಂತ್ರದ ಎರಡು ನರಿಗಳು. ಆರನೆಯ ಶತಮಾನದಲ್ಲಿ ಬುರ್ಜೋಯ್ ಎಂಬ ವೈದ್ಯ ಆ ಕಥೆಗಳನ್ನು ಪರ್ಷಿಯದ ಪಹ್ಲವಿಗೆ ಒಯ್ದ. ಎಂಟನೆಯ ಶತಮಾನದಲ್ಲಿ ಇಬ್ನ್ ಅಲ್ ಮುಕಫ್ಫ ಅರಬ್ಬಿಗೆ ತಂದ. ಅರಬ್ಬಿಯ ಬೆನ್ನೇರಿ ನರಿಗಳು ಮೆಡಿಟರೇನಿಯನ್ ತೀರದುದ್ದಕ್ಕೂ ನಡೆದು ಸ್ಪೇನ್ ಮುಟ್ಟಿದವು. 1221ರಲ್ಲಿ ಇದೇ ತೊಲೇದೊದಲ್ಲಿ ಹುಟ್ಟಿದ, ಮುಂದೆ ಹತ್ತನೆಯ ಅಲ್ಫೊನ್ಸೊ ಎಂದು ಪಟ್ಟವೇರಿದ ರಾಜಕುಮಾರ, 1251ರಲ್ಲಿ ಅವನ್ನು ಕಾಸ್ತೀಲಿಯದ ಆಡುನುಡಿಗೆ ತರಿಸಿದ: ‘ಕಲೀಲ ಎ ದಿಮ್ನ’. ಲ್ಯಾಟಿನ್ನಿಗಲ್ಲ, ಅಡುಗೆಮನೆಯ ಮಾತಿಗೆ. ಇಂದು ಸ್ಪ್ಯಾನಿಶ್ ಎಂದು ಕರೆಯುವ ಭಾಷೆಯ ಮೊತ್ತಮೊದಲ ದೊಡ್ಡ ಕಥಾಸಂಗ್ರಹ ಪಂಚತಂತ್ರವೇ.

ಚಾಲುಕ್ಯ ಜಗದೇಕಮಲ್ಲ ಜಯಸಿಂಹನ ಸಂಧಿವಿಗ್ರಹಿಯಾಗಿದ್ದ ದುರ್ಗಸಿಂಹ ಕನ್ನಡದಲ್ಲಿ ಪಂಚತಂತ್ರ ಬರೆದದ್ದು 1031ರ ಸುಮಾರಿಗೆ. ವಿಷ್ಣುಶರ್ಮನ ಪಾಠವನ್ನು ಬಿಟ್ಟು ವಸುಭಾಗಭಟ್ಟನ ಪಾಠವನ್ನು ಅವನು ಹಿಡಿದ. ಕಾಸ್ತೀಲಿಯದ ಅನುವಾದಕ್ಕಿಂತ ಇನ್ನೂರ ಇಪ್ಪತ್ತು ವರ್ಷ ಮೊದಲು. ಒಂದೇ ನರಿಗಳು ತುಂಗಭದ್ರೆಯ ಸೀಮೆಯಲ್ಲೂ ತಾಹೊ ತೀರದಲ್ಲೂ ಹೊಸ ನುಡಿ ಕಲಿತವು. ಕನ್ನಡ ಬಲ್ಲವರು ಆ ಪಡಸಾಲೆಯಲ್ಲಿ ಇದನ್ನು ನೆನೆದರೆ, ಪರಸ್ಥಳದಲ್ಲಿ ಕುಳಿತ ಭಾವ ಅರೆಗಳಿಗೆ ಕರಗುತ್ತದೆ.

ಕಥೀಡ್ರಲ್ಲಿನ ಮಗ್ಗುಲಲ್ಲೇ ‘ಹೊಂಬ್ರೆ ದೆ ಪಾಲೊ’ ಎಂಬ ಬೀದಿ. ಮರದ ಮನುಷ್ಯ ಎಂದರ್ಥ. ಗೆರಾರ್ದೊ ಹುಟ್ಟಿದ ಕ್ರೆಮೊನಾದಿಂದಲೇ ನಾಲ್ಕು ನೂರು ವರ್ಷದ ಮೇಲೆ ಬಂದ ಹುಆನೆಲೊ ಎಂಬ ಗಡಿಯಾರ ಕುಶಲಿ, ಬೀದಿಯಲ್ಲಿ ನಡೆದುಹೋಗುವ ಮರದ ಗೊಂಬೆ ಮಾಡಿದ್ದನೆಂಬ ಪ್ರತೀತಿಯಿಂದ ಈ ಹೆಸರು. ಗೊಂಬೆಯ ಮಾತು ಕಥೆಯಿರಬಹುದು. ಅವನ ನೀರಿನ ಯಂತ್ರ ಕಥೆಯಲ್ಲ. 1569ರಲ್ಲಿ ಅವನು ನದಿಯ ರಭಸದಿಂದಲೇ ತಿರುಗುವ ಚಕ್ರಗಳನ್ನು, ತೂಗುವ ಹಿತ್ತಾಳೆ ಸೌಟುಗಳ ಸಾಲನ್ನು ಹೂಡಿ, ನೂರು ಮೀಟರಿನಷ್ಟು ಎತ್ತರದ ಅಲ್ಕಾಸರಿಗೆ ತಾಹೊ ನೀರನ್ನು ಏರಿಸಿದ. ಒಂದು ಸೌಟು ಮೇಲಿನ ಸೌಟಿಗೆ, ಅದು ಅದರ ಮೇಲಿನದಕ್ಕೆ, ಹೀಗೆ ಕೈಯಿಂದ ಕೈಗೆ. ನೀರು ಸೇರಿದ್ದು ಅರಮನೆಗೆ, ಊರಿಗಲ್ಲ ಎಂದು ನಗರಸಭೆ ಹಣ ಕೊಡಲೊಪ್ಪಲಿಲ್ಲ. 1585ರಲ್ಲಿ ಹುಆನೆಲೊ ಬಡತನದಲ್ಲೇ ತೀರಿಕೊಂಡ. ಯಂತ್ರದ ಒಂದು ಸೌಟೂ ಉಳಿದಿಲ್ಲ.

ಹೊಟ್ಟೆ ಚುರುಗುಟ್ಟುವ ಹೊತ್ತಿಗೆ ಊರು ಬಾದಾಮಿಯ ವಾಸನೆ ಹೊತ್ತು ಎದುರಾಗುತ್ತದೆ. ಮಸಪಾನ್ ಇಲ್ಲಿಯ ಹೆಸರಾಂತ ಸಿಹಿ. ಬಾದಾಮಿ ಮತ್ತು ಸಕ್ಕರೆ, ಹೆಚ್ಚು ಕಡಿಮೆ ಸಮಪಾಲು. ರುಬ್ಬಿ, ಚಂದ್ರನ ಹಾಗೆಯೋ ಮೀನಿನ ಹಾಗೆಯೋ ತಿದ್ದಿ, ಒಲೆಯಲ್ಲಿ ಮೇಲ್ಮೈ ಕೆಂಪಗಾಗುವಷ್ಟು ಸುಡುತ್ತಾರೆ. ಬಾದಾಮಿ ಬರ್ಫಿ ತಿಂದು ಬೆಳೆದ ನಾಲಿಗೆಗೆ ಪರಿಚಯ ಹೇಳಬೇಕಾಗಿಲ್ಲ. ಸನ್ಯಾಸಿನಿಯರ ಮಠಗಳಲ್ಲಿ ಇದನ್ನು ಮಾಡಿ ಮಾರುವ ರೂಢಿ ಹಳೆಯದು. ಸಕ್ಕರೆಗೆ ಸ್ಪ್ಯಾನಿಶ್‌ನಲ್ಲಿ ‘ಅಸೂಕರ್’ ಎನ್ನುತ್ತಾರೆ. ಸಂಸ್ಕೃತದ ಶರ್ಕರಾ ಪರ್ಷಿಯದಲ್ಲಿ ಶಕರ್ ಆಗಿ, ಅರಬ್ಬಿಯಲ್ಲಿ ಸುಕ್ಕರ್ ಆಗಿ, ‘ಅಲ್’ ಎಂಬ ಅರಬ್ಬಿ ಬಾಲವನ್ನು ತಲೆಗೆ ಕಟ್ಟಿಕೊಂಡು ಅಸೂಕರ್ ಆಯಿತು. ನರಿಗಳು ಬಂದ ದಾರಿಯಲ್ಲೇ ಸಕ್ಕರೆಯೂ ಬಂದಿದೆ.

ಸಿಹಿ ಅಂಗಡಿಯ ಪಕ್ಕದಲ್ಲಿ ‘ದಮಾಸ್ಕಿನಾದೊ’ ಅಂಗಡಿ ಇದ್ದೇ ಇರುತ್ತದೆ. ಉಕ್ಕಿನ ತಟ್ಟೆಯನ್ನು ಸಣ್ಣ ಉಳಿಯಿಂದ ಗೀರಿ ಗೀರಿ ಒರಟಾಗಿಸಿ, ಎಳೆಯಂಥ ಚಿನ್ನದ ತಂತಿಯನ್ನು ಬಡಿದು ಕೂರಿಸಿ, ಕುದಿಯುವ ಕ್ಷಾರದಲ್ಲಿ ಅದ್ದುತ್ತಾರೆ. ಉಕ್ಕು ಕಪ್ಪಾಗುತ್ತದೆ, ಚಿನ್ನ ಹಾಗೇ ಹೊಳೆಯುತ್ತದೆ. ಹೆಸರಿನಲ್ಲಿರುವುದು ದಮಾಸ್ಕಸ್ ಊರು. ಬೀದರಿನ ಬಿದ್ರಿ ಕೆಲಸದವರು ಇದನ್ನು ನೋಡಿದರೆ ಬಾಯಿಬಿಟ್ಟು ಕೇಳದೆಯೇ ಎಲ್ಲ ಅರಿತುಕೊಂಡಾರು: ಅವರದು ಸತು ತಾಮ್ರದ ಎರಕ, ಬೆಳ್ಳಿಯ ತಂತಿ, ಕಪ್ಪಾಗಿಸಲು ನವಸಾಗರದ ಜೊತೆ ಬೀದರ್ ಕೋಟೆಯ ಮಣ್ಣು. ಅಂಗಡಿಯ ಮುಂದಿನ ಅಗ್ಗದ ಸಾಲಿನಲ್ಲಿರುವವು ಯಂತ್ರದಲ್ಲಿ ಒತ್ತಿದವು. ಕೈಕೆಲಸದ ತುಣುಕು ಗಾಜಿನ ಕಪಾಟಿನಲ್ಲಿರುತ್ತದೆ. ಕೊಳ್ಳದಿದ್ದರೂ ಕೇಳಿ ನೋಡಬೇಕು, ತಂತಿಯ ಅಂಚಿನಲ್ಲಿ ಸುತ್ತಿಗೆಯ ಗುರುತು ಕಾಣುತ್ತದೆ.

ಸಾಂತೊ ತೊಮೆ ಇಗರ್ಜಿಯ ಬಾಗಿಲಲ್ಲಿ ಯಾವಾಗಲೂ ಸಾಲು. ಒಳಗಿರುವುದು ಒಂದೇ ಚಿತ್ರ. ಅದನ್ನು ಬರೆದವನು ಕ್ರೀಟ್ ದ್ವೀಪದಲ್ಲಿ 1541ರಲ್ಲಿ ಹುಟ್ಟಿದ ದೊಮೆನಿಕೊಸ್ ಥಿಯೊತೊಕೊಪುಲೊಸ್. ಅಷ್ಟುದ್ದದ ಹೆಸರು ಕರೆಯಲಾರದೆ ಊರು ಅವನನ್ನು ‘ಎಲ್ ಗ್ರೆಕೊ’ ಎಂದಿತು. ಎಲ್ ಸ್ಪ್ಯಾನಿಶ್, ಗ್ರೆಕೊ ಇಟಾಲಿಯನ್, ಆಸಾಮಿ ಗ್ರೀಕ. 1577ರಲ್ಲಿ ಬಂದವನು 1614ರಲ್ಲಿ ಸಾಯುವವರೆಗೆ ಇಲ್ಲೇ ಇದ್ದ. ಚಿತ್ರಗಳಿಗೆ ಸಹಿ ಹಾಕುವಾಗ ಮಾತ್ರ ಕೊನೆಯವರೆಗೂ ಗ್ರೀಕ್ ಲಿಪಿ ಬಿಡಲಿಲ್ಲ.

ಚಿತ್ರದ ಹಿಂದೆ ಒಂದು ಮೊಕದ್ದಮೆಯಿದೆ. 1323ರಲ್ಲಿ ತೀರಿಕೊಂಡ ಒರ್ಗಾಸಿನ ಒಡೆಯ ದೊನ್ ಗೊನ್ಸಾಲೊ ಈ ಇಗರ್ಜಿಗೆ ತನ್ನ ಊರಿನವರು ವರ್ಷ ವರ್ಷ ಕಾಣಿಕೆ ಕೊಡಬೇಕೆಂದು ಬರೆದಿಟ್ಟಿದ್ದ: ಎರಡು ಕುರಿ, 16 ಕೋಳಿ, ಎರಡು ತೊಗಲುಚೀಲ ದ್ರಾಕ್ಷಾರಸ, ಎರಡು ಹೊರೆ ಸೌದೆ, 800 ನಾಣ್ಯ. ಇನ್ನೂರು ವರ್ಷ ಕಳೆದ ಮೇಲೆ ಒರ್ಗಾಸಿನವರು ಕೊಡುವುದನ್ನು ನಿಲ್ಲಿಸಿದರು. ಇಗರ್ಜಿಯ ಪಾದ್ರಿ ದಾವೆ ಹೂಡಿ ಗೆದ್ದ. ಒಡೆಯನ ಪುಣ್ಯ ಮತ್ತೆ ಮರೆಯದಿರಲೆಂದು 1586ರಲ್ಲಿ ಚಿತ್ರಕ್ಕೆ ಕರಾರು ಮಾಡಿಕೊಂಡ. ಗೊನ್ಸಾಲೊನ ಹೆಣವನ್ನು ಸ್ವರ್ಗದಿಂದ ಇಳಿದ ಇಬ್ಬರು ಸಂತರು ಕೈಯಾರೆ ಗೋರಿಗಿಳಿಸುತ್ತಿದ್ದಾರೆ. ಹಿಂದೆ ಕಪ್ಪು ಉಡುಪಿನ, ಬಿಳಿ ಕೊರಳಪಟ್ಟಿಯ ಗಣ್ಯರ ಸಾಲು. ಅವರು ಎಲ್ ಗ್ರೆಕೊನ ಕಾಲದ ತೊಲೇದೊ ಜನ. ಎಡಗಡೆ ಪುಟ್ಟ ಹುಡುಗನೊಬ್ಬ ನೋಡುವವರ ಕಡೆ ಮುಖ ಮಾಡಿ ಬೆರಳು ತೋರುತ್ತಿದ್ದಾನೆ. ಅವನ ಜೇಬಿನಿಂದ ಇಣುಕುವ ಕರವಸ್ತ್ರದ ಮೇಲೆ ಚಿತ್ರಕಾರನ ಸಹಿ ಮತ್ತು 1578 ಎಂಬ ಇಸವಿ. ಅದು ಚಿತ್ರ ಬರೆದ ವರ್ಷವಲ್ಲ, ಹುಡುಗ ಹುಟ್ಟಿದ ವರ್ಷ. ಹುಡುಗ ಚಿತ್ರಕಾರನ ಮಗ. ಮೇಲಿನ ಅರ್ಧದಲ್ಲಿ ತೆರೆದ ಸ್ವರ್ಗವೆಲ್ಲ ಒಂದು ತೂಕವಾದರೆ ಆ ಕರವಸ್ತ್ರದ ಮೂಲೆ ಇನ್ನೊಂದು ತೂಕ. ಜನ ಎರಡು ನಿಮಿಷ ನೋಡಿ ಹೊರಡುತ್ತಾರೆ. ಅರ್ಧ ತಾಸು ಸಾಲದು.

ಇಲ್ಲಿಂದ ಪಶ್ಚಿಮಕ್ಕೆ ಇಳಿಯುವುದೇ ಯೆಹೂದಿಗಳ ಹಳೆಯ ಕೇರಿ. ಅದರಲ್ಲಿ ಉಳಿದಿರುವ ಪ್ರಾರ್ಥನಾಮಂದಿರಗಳು ಎರಡು. ಹನ್ನೆರಡನೆಯ ಶತಮಾನದ ಕೊನೆಗೆ ಎದ್ದ ಒಂದರ ಹೆಸರು ಈಗ ‘ಸಾಂತಾ ಮರಿಯಾ ಲಾ ಬ್ಲಾಂಕಾ’. ಬಿಳುಪೋ ಬಿಳುಪು. ಎಂಟು ಮೂಲೆಯ ಕಂಬಗಳು, ಲಾಳಾಕಾರದ ಕಮಾನುಗಳು, ನಾಲ್ಕು ಸಾಲು; ಮಸೀದಿಯಲ್ಲಿ ನಿಂತ ಹಾಗೆ ಭಾಸವಾಗುತ್ತದೆ. ಕಟ್ಟಿದವರು ಮುಸ್ಲಿಂ ಕುಶಲಕರ್ಮಿಗಳು, ಕಟ್ಟಿಸಿದವರು ಯೆಹೂದಿಗಳು, ಆಗ ಆಳುತ್ತಿದ್ದವನು ಕ್ರೈಸ್ತ ರಾಜ. ಈ ಮಾತನ್ನು ಮಾರ್ಗದರ್ಶಿಗಳು ಹೆಮ್ಮೆಯಿಂದ ಹೇಳಿ, ‘ಮೂರು ಸಂಸ್ಕೃತಿಗಳ ಊರು’ ಎಂದು ಸೇರಿಸುತ್ತಾರೆ. ಹೆಮ್ಮೆಗೆ ಕಾರಣವಿದೆ. ಆದರೆ ಅಲ್ಲಿಗೇ ನಿಲ್ಲಿಸಿದರೆ ಗೋಡೆಗಳಿಗೆ ಮೋಸವಾಗುತ್ತದೆ. 1391ರಲ್ಲಿ ಈ ಕೇರಿಯ ಮೇಲೆ ದಾಳಿಯಾಗಿ ಕೊಲೆ ಸುಲಿಗೆ ನಡೆಯಿತು. ಮುಂದಿನ ಶತಮಾನದ ಮೊದಲಲ್ಲಿ ಈ ಮಂದಿರವನ್ನು ಕಿತ್ತುಕೊಂಡು ಇಗರ್ಜಿ ಮಾಡಿದರು.

ಇನ್ನೊಂದು ‘ಎಲ್ ತ್ರಾನ್ಸಿತೊ’. ಪೆದ್ರೊ ದೊರೆಯ ಖಜಾಂಚಿ ಸಮುಎಲ್ ಹಲೇವಿ ಅದನ್ನು 1357ರ ಹೊತ್ತಿಗೆ ಕಟ್ಟಿಸಿದ. ಹೊರಗಿನಿಂದ ಸಪ್ಪೆ ಗೋಡೆ. ಒಳಗೆ ಹೋದವರ ಕಣ್ಣು ತಾನಾಗಿ ಮೇಲೇರುತ್ತದೆ. ಮರದ ಚಾವಣಿಯ ಕೆಳಗೆ ಗೋಡೆಯುದ್ದಕ್ಕೂ ಗಾರೆಯ ಕಸೂತಿ. ಹೂಬಳ್ಳಿಗಳ ನಡುವೆ ಹೀಬ್ರೂ ಶಾಸನ, ಅರಬ್ಬಿ ಅಕ್ಷರಗಳು, ಕಾಸ್ತೀಲಿಯದ ಕೋಟೆ ಸಿಂಹದ ಲಾಂಛನ. ಮೂರನ್ನೂ ಕೆತ್ತಿದ್ದು ಒಂದೇ ಹಸಿ ಗಾರೆಯಲ್ಲಿ. ಕಟ್ಟಿಸಿ ಮೂರು ನಾಲ್ಕು ವರ್ಷವಾಗುವಷ್ಟರಲ್ಲಿ ಅದೇ ದೊರೆ ಸಮುಎಲನನ್ನು ಸೆರೆ ಹಿಡಿಸಿದ. ಸೆವಿಯ್ಯದಲ್ಲಿ ಚಿತ್ರಹಿಂಸೆಯಲ್ಲಿ ಅವನ ಜೀವ ಹೋಯಿತು. 1492ರಲ್ಲಿ ಫರ್ನಾಂದೊ ಮತ್ತು ಇಸಬೆಲ್ ದಂಪತಿಗಳ ಆಜ್ಞೆ ಹೊರಟಿತು: ಮತ ಬದಲಿಸದ ಯೆಹೂದಿಗಳೆಲ್ಲ ರಾಜ್ಯ ಬಿಡಬೇಕು. ಹೋದವರು ಮೊರಾಕೊ, ತುರ್ಕಿ, ಪೋರ್ಚುಗಲ್‌ಗಳಲ್ಲಿ ಚದುರಿದರು. ಕೆಲವರು ಊರನ್ನೇ ಮನೆತನದ ಹೆಸರಾಗಿ ಕಟ್ಟಿಕೊಂಡು ನಡೆದರು; ತೊಲೆದಾನೊ ಎಂಬ ಯೆಹೂದಿ ಮನೆತನಗಳು ಇಂದಿಗೂ ಇವೆ. ಹದಿನೈದನೆಯ ಶತಮಾನದ ಸ್ಪ್ಯಾನಿಶ್ ಅವರ ವಂಶಜರ ಮನೆಮಾತಾಗಿ ನಾನೂರು ವರ್ಷಕ್ಕೂ ಹೆಚ್ಚು ಕಾಲ ಬದುಕಿತು. ಹೊರಗಟ್ಟಿದ ನಾಡಿನ ನುಡಿಯಲ್ಲೇ ತೊಟ್ಟಿಲು ತೂಗಿದರು. ಮಂದಿರ ಈಗ ಆ ಜನರ ವಸ್ತುಸಂಗ್ರಹಾಲಯ.

ಕೇರಿಯ ಅಂಚಿಗೆ, ನದಿಯ ಮೇಲ್ಗಡೆ, ಅದೇ ರಾಜದಂಪತಿ ಕಟ್ಟಿಸಿದ ಸಾನ್ ಹುಆನ್ ದೆ ಲೊಸ್ ರೇಯೆಸ್ ಮಠ. ಗ್ರಾನಾದ ರಾಜ್ಯದಲ್ಲಿ ಸೆರೆಯಿಂದ ಬಿಡಿಸಿದ ಕ್ರೈಸ್ತರ ಕಬ್ಬಿಣದ ಸಂಕೋಲೆಗಳನ್ನು ಅದರ ಹೊರಗೋಡೆಯ ಮೇಲೆ ತೂಗುಹಾಕಿದ್ದಾರೆ. ಸಂಜೆಗೆಂಪಿನಲ್ಲಿ ಅವುಗಳ ನೆರಳು ಗೋಡೆಯ ಮೇಲೆ ಉದ್ದಕ್ಕೆ ಇಳಿಯುತ್ತದೆ. ಬಿಡುಗಡೆಯಾದವರ ಸಂಕೋಲೆ ಇಲ್ಲಿ ಕಾಣುತ್ತದೆ; ಕೆಳಗಿನ ಕೇರಿಯಿಂದ ಹೊರಟವರದು ಏನೂ ಕಾಣುವುದಿಲ್ಲ.

ಮಠದಿಂದ ಇಳಿದರೆ ಸಾನ್ ಮಾರ್ತಿನ್ ಸೇತುವೆ. ಊರಿನ ಪಶ್ಚಿಮದ ಬಾಗಿಲು. ಹದಿನಾಲ್ಕನೆಯ ಶತಮಾನದ ಕೊನೆಗೆ ಆರ್ಚ್‌ಬಿಷಪ್ ತೆನೋರಿಯೊ ಇದನ್ನು ಮತ್ತೆ ಕಟ್ಟಿಸಿದ. ನಡುಗಮಾನು ನಲವತ್ತು ಮೀಟರ್ ಅಗಲ, ಆ ಕಾಲಕ್ಕೆ ಎದೆ ಝಲ್ಲೆನಿಸುವ ಸಾಹಸ. ಕೆಲಸ ಮುಗಿಯುತ್ತ ಬಂದಾಗ ಲೆಕ್ಕ ತಪ್ಪಿರುವುದು, ಆಸರೆಯ ಮರ ತೆಗೆದರೆ ಕಮಾನು ಕುಸಿಯುವುದು ಸೂತ್ರಧಾರನಿಗೆ ಹೊಳೆಯಿತಂತೆ. ಯಾರಿಗೂ ಹೇಳಲಾರದೆ ಕೊರಗಿದ. ಅವನ ಹೆಂಡತಿ ಇರುಳಿನಲ್ಲಿ ಹೋಗಿ ಆಸರೆಗೆ ಬೆಂಕಿಯಿಟ್ಟಳು. ಸೇತುವೆ ಕುಸಿಯಿತು, ಜನ ಸಿಡಿಲೆಂದುಕೊಂಡರು, ಗಂಡ ಸರಿಯಾದ ಲೆಕ್ಕದಲ್ಲಿ ಮತ್ತೊಮ್ಮೆ ಕಟ್ಟಿದ. ಕೊನೆಗೆ ಅವಳೇ ಹೋಗಿ ಆರ್ಚ್‌ಬಿಷಪ್ಪನೆದುರು ತಪ್ಪೊಪ್ಪಿಕೊಂಡಾಗ, ಇಂಥ ಹೆಂಡತಿ ಸಿಕ್ಕಿದ್ದಕ್ಕೆ ಅವನು ಗಂಡನನ್ನು ಅಭಿನಂದಿಸಿದನೆಂದು ಊರಿನವರು ಹೇಳುತ್ತಾರೆ.

ಬೆಳಗಿನ ಸೇತುವೆಗೂ ಸಂಜೆಯ ಸೇತುವೆಗೂ ನೇರ ನಡೆದರೆ ಅರ್ಧ ತಾಸಿನ ದಾರಿ. ಕೆಳಗೆ ಅದೇ ನದಿ, ಊರನ್ನು ಸುತ್ತಿ ಬಂದು, ಪಶ್ಚಿಮಕ್ಕೆ ಹೊರಡುತ್ತದೆ. ಗಡಿ ದಾಟಿದ ಮೇಲೆ ಅದಕ್ಕೆ ತೇಜೊ ಎಂದು ಹೆಸರು. ಲಿಸ್ಬನ್ನಿನ ಮಗ್ಗುಲಲ್ಲಿ ಸಾಗರ ಸೇರುತ್ತದೆ. 1497ರಲ್ಲಿ ವಾಸ್ಕೊ ಡ ಗಾಮನ ಹಡಗುಗಳು ಇದೇ ನದಿಯ ಬಾಯಿಂದ ಹೊರಟವು. ಕಲ್ಲಿಕೋಟೆ ನೋಡಿ ಮರಳುವ ದಾರಿಯಲ್ಲಿ, 1498ರ ಸೆಪ್ಟೆಂಬರಿನಲ್ಲಿ, ಅವು ಕಾರವಾರದ ಕಡಲಿನ ಅಂಜದೀವ ದ್ವೀಪದಲ್ಲಿ ತಂಗಿದ್ದವು. ಆಗ ಗೋವೆಯ ಅಧಿಪತಿಯ ಸೇವೆಯಲ್ಲಿದ್ದವನೊಬ್ಬ ಅವರ ಬಳಿ ಬಂದ. ಯುರೋಪಿನ ಮಾತನ್ನೂ ಬಲ್ಲ, ಈ ಕರಾವಳಿಯನ್ನೂ ಬಲ್ಲ ಯೆಹೂದಿ. ಗೂಢಚಾರನೆಂದು ಅನುಮಾನಿಸಿ ಗಾಮ ಅವನನ್ನು ಹಿಡಿಸಿ ಹೊಡೆಸಿದ. ಹಡಗಿನಲ್ಲಿ ಲಿಸ್ಬನ್ನಿಗೆ ಒಯ್ದ. ಅಲ್ಲಿ ಅವನು ಕ್ರೈಸ್ತನಾಗಿ ಗಾಸ್ಪರ್ ಡ ಗಾಮ ಎಂಬ ಹೆಸರು ಪಡೆದ. 1500ರಲ್ಲಿ ಕಬ್ರಾಲನ ಹಡಗುಪಡೆ ಅದೇ ನದಿಯ ಬಾಯಿಂದ ಮತ್ತೆ ಭಾರತಕ್ಕೆ ಹೊರಟಾಗ ಗಾಸ್ಪರ್ ಅದರಲ್ಲಿದ್ದ, ದುಭಾಷಿಯಾಗಿ.